ಒಂಬತ್ತರ ಕೆಳಗೊಂದು ಗೆರೆ

ಮುಖ ಕೇಳಬೇಡಿ, ಬೆನ್ನು ಕೇಳಿ, ಹೇಳುತ್ತೇನೆ.
ಮೂವತ್ತೆಂಟು ವರ್ಷ ಈ ಕಾಲೇಜಿನ ಹಾಕಿ ಹುಡುಗರಿಗೆ
ನಂಬರು ಹೊಲಿದವನು ನಾನು,
ಪೆನ್ಷನ್ ಮೊಹಲ್ಲಾದ ಗಫೂರ್.
ಐದು ಅಗಲ ಹೆಗಲು, ಹನ್ನೊಂದು ಗೂನು,
ಎರಡರ ಬೆವರು ಎಡಗಡೆಗೇ ಇಳಿಯುತ್ತಿತ್ತು.
ಎದುರಿಗೆ ಬಂದು ನಮಸ್ಕಾರ ಅಂದರೆ
ಯಾರಪ್ಪ ನೀನು ಅನ್ನುತ್ತೇನೆ;
ತಿರುಗಿ ಹೊರಟಾಗ,
ಓಹೋ, ತೊಂಬತ್ನಾಲ್ಕರ ಲೆಫ್ಟ್ ಹಾಫ್!

ಮ್ಯಾಚಿನ ದಿನ ಅಂಗಡಿಗೆ ಅರ್ಧ ಷಟರು.
ಮದುವೆ ಸೂಟಿನವರು ಬೈದುಕೊಂಡು ಹೋಗಿದ್ದಾರೆ,
ಹೋಗಲಿ.
ಹಾಸನದ ಗಾಳಿಗೆ ಕೆಂಪು ಮಣ್ಣೆದ್ದು
ಸುಣ್ಣದ ಗೆರೆ ಹಾರಿಹೋಗಿ
ಡಿ ಎಲ್ಲಿ ಮುಗಿಯಿತೆಂಬುದು
ಅಂಪೈರನ ಆತ್ಮಸಾಕ್ಷಿಗೆ ಬಿಟ್ಟದ್ದು.
ಶಾರ್ಟ್ ಕಾರ್ನರಿನ ಹೊತ್ತಿಗೆ
ಪಕ್ಕದ ಕಡಲೆಕಾಯಿಯವಳೂ ಅಳೆಯುವುದು ನಿಲ್ಲಿಸುತ್ತಿದ್ದಳು,
ನನ್ನ ಹೆಬ್ಬೆರಳು ತಾನಾಗಿ ಸೂಜಿ ಹುಡುಕುತ್ತಿತ್ತು.
ಬಲಗಡೆ ಗೋಲಿನ ಮುಂದೊಂದು ಕಲ್ಲಿತ್ತು,
ನೆಲದಲ್ಲಿ ಹೂತು ಹಲ್ಲಷ್ಟೇ ಕಾಣುವಂಥದ್ದು.
ಚೆಂಡು ತಾಗಿದರೆ ಎತ್ತ ಹೋದೀತೋ
ಯಾರಿಗೂ ತಿಳಿಯದು,
ಸಕಲೇಶಪುರದ ನಮ್ಮ ಗೋಲ್‌ಕೀಪರ್ ಲೋಬೊನೊಬ್ಬನಿಗೆ ತಿಳಿಯುತ್ತಿತ್ತು.
ಅದನ್ನು ಕೀಳಬೇಡ ಎಂದು ಮಾಲಿಗೆ ಬೀಡಿ ಕೊಟ್ಟವರು ನಾವು.
ಹನ್ನೆರಡನೆಯ ಆಟಗಾರ ಅದು.
ನಂಬರು ಹೊಲಿಯಲಾಗಲಿಲ್ಲ, ಅಷ್ಟೆ.

ಈಗ ನೀಲಿ ಹಾಸು. ಆಟಕ್ಕೆ ಮುಂಚೆ ನೀರು ಹೊಡೆಯುತ್ತಾರೆ.
ಚೆಂಡು ಹೇಳಿದ ಮಾತು ಕೇಳುತ್ತದೆ.
ಚೆನ್ನಾಗಿದೆ, ಇಲ್ಲ ಅನ್ನಲ್ಲ.
ಮೊನ್ನೆ ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ,
ಯಾವುದೋ ದೇಶದ ಕಾಲೇಜು ಹುಡುಗರು
ಐಸಿನ ಮೇಲೆಯೇ ಹಾಕಿ ಆಡುತ್ತಾರೆ,
ಜಾರುತ್ತ, ಗೋಡೆಗೆ ಗುದ್ದುತ್ತ.
ಗ್ಯಾಲರಿಯಲ್ಲಿ ಒಬ್ಬ ಮುದುಕ, ಟೋಪಿ, ಮಫ್ಲರು,
ಎದ್ದು ನಿಂತು ಏನೋ ಕೂಗುತ್ತಿದ್ದ.
ಭಾಷೆ ತಿಳಿಯಲಿಲ್ಲ, ಬೈಗುಳ ತಿಳಿಯಿತು.
ನಮಗೆ ಐಸು ಅಂದರೆ
ಮೀನು ಮಾರ್ಕೆಟ್ಟಿನಿಂದ ಗೋಣಿಯಲ್ಲಿ ತಂದು ಮಂಡಿಗೆ ಕಟ್ಟುವುದು;
ಗೆದ್ದ ರಾತ್ರಿ ಹಾಸ್ಟೆಲಿಡೀ ಬಂಗುಡೆ ವಾಸನೆ.

ಹುಡುಗರು ಮೂರು ವರ್ಷಕ್ಕೆ ಪಾಸಾಗಿ ಹೋಗುತ್ತಾರೆ.
ಅದೇ ಮೆಟ್ಟಿಲು, ಅದೇ ನೀಲಗಿರಿ ಮರದ ಹರಕು ನೆರಳು,
ಇಷ್ಟು ವರ್ಷ ಫೇಲಾಗುತ್ತ ಕೂತವನು ನಾನೊಬ್ಬ.

ಈಗ ಹೇಳಬೇಕಾದ್ದು.
ತೊಂಬತ್ತೊಂದು, ಫೈನಲ್, ಎದುರಿಗೆ ಚಿಕ್ಕಮಗಳೂರು.
ಹಿಂದಿನ ರಾತ್ರಿ ಕರೆಂಟಿಲ್ಲ, ಸೀಮೆಎಣ್ಣೆ ಬುಡ್ಡಿ,
ಒಂಬತ್ತನ್ನು ತಲೆಕೆಳಗು ಹೊಲಿದೆ.
ಇಂಗ್ಲಿಷ್ ಅಂಕಿಯ ಹಣೆಬರಹವೇ ಅದು.
ಮೈದಾನದಲ್ಲಿ ಎರಡು ಆರು.
ಮೊದಲು ನೋಡಿದವನು ನಾನೇ. ಬಾಯಿ ಒಣಗಿತು, ಹೇಳಲಿಲ್ಲ.
ನಿಜವಾದ ಆರು ಯಾರದೋ ಕಾಲಿಗೆ ಸ್ಟಿಕ್ಕು ಹಾಕಿದ,
ಧೂಳು, ಶಿಳ್ಳೆ, ಹಳದಿ ಕಾರ್ಡು
ನನ್ನ ಆರಿಗೆ. ಧರಣೇಂದ್ರನಿಗೆ.
ತುಟಿ ಪಿಟಕ್ಕೆನ್ನಲಿಲ್ಲ ಹುಡುಗ.
ಬೇಲಿ ಪಕ್ಕ ಕೂತ, ಐದು ನಿಮಿಷ,
ನನಗೆ ಬೆನ್ನು ಮಾಡಿ.
ನಾಲ್ಕನೇ ನಿಮಿಷಕ್ಕೆ ಗೋಲು.
ಕಲ್ಲು ಕೂಡ ನಮ್ಮ ಕಡೆ ಇರಲಿಲ್ಲ ಅವತ್ತು.

ಹೋದ ಆಷಾಢದಲ್ಲಿ ಬಂದಿದ್ದ, ಪ್ಯಾಂಟು ಗಿಡ್ಡ ಮಾಡಿಸಲು.
ಹೊಟ್ಟೆ ಬಂದಿದೆ, ಬೆನ್ನು ಅದೇ.
ಸೊಂಟಕ್ಕೆ ಟೇಪು ಸುತ್ತಿ, ತಲೆಯೆತ್ತದೆ ಕೇಳಿದೆ:
ಅವತ್ತು ಯಾಕಪ್ಪ ಹೇಳಲಿಲ್ಲ, ನಾನಲ್ಲ ಅಂತ?
‘ಯಾವ ಮ್ಯಾಚು, ಗಫೂರಣ್ಣ?’
ಅಳತೆ ಮರೆತುಹೋಗಿ ಇನ್ನೊಂದು ಸಲ ಟೇಪು ಹಿಡಿದೆ.
ಆ ಐದು ನಿಮಿಷ ಅವನದೆಂದು ತಿಳಿದು
ಒಬ್ಬನೇ ಹೊತ್ತು ತಿರುಗಿದ್ದೆನಲ್ಲ,
ವಾಪಸು ಕೊಡಲು ಹೋದರೆ
ತನ್ನದೇ ಅಲ್ಲವಂತೆ.
ಅರ್ಧ ಇಂಚು ಬಿಟ್ಟು ಮಾಡಿ ಅಂದ, ಒಗೆದರೆ ಕುಗ್ಗುತ್ತೆ.

ಗುರುವಾರ ಸೆಮಿಫೈನಲ್. ಈ ಸಲ ಹುಡುಗಿಯರ ಟೀಮು.
ದುದ್ದದ ಕಡೆಯ ತೇಜಾವತಿ
ಜೆರ್ಸಿ ತಿರುವಿ ಬೆಳಕಿಗೆ ಹಿಡಿದು ಕೇಳುತ್ತಾಳೆ:
ಇದ್ಯಾಕೆ ತಾತ, ನನ್ನ ನಂಬರಿನ ಕೆಳಗೆ ಗೆರೆ?
ಡಿಸೈನು, ಅನ್ನುತ್ತೇನೆ.