ಜಾಲರಿಯೂ ಬರಲಿ

ಶಿಡ್ಲಘಟ್ಟದಲ್ಲಿ ನನ್ನದು ಪಾಸ್‌ಪೋರ್ಟ್ ಸೈಜಿನ ಸ್ಟುಡಿಯೋ.
ಗದ್ದ ಮೇಲೆ, ಕಿವಿ ಕಾಣಲಿ, ರೆಪ್ಪೆ ಬಡೀಬೇಡಿ.
ಇಪ್ಪತ್ತು ವರ್ಷ ಹೇಳಿದ್ದು ಇದಿಷ್ಟೇ.
ಇವತ್ತು ಯಾರಿಗೆ ಹೇಳಲಿ?

ಹದ್ದು, ನಂಬರ್ ನಲವತ್ತೊಂದು.
ಬಲರೆಕ್ಕೆ, ಮಾಂಜಾ, ತಂದದ್ದು ಮಂಗಳವಾರ.
ರೂಢಿಯಂತೆ ಹಿಂದೆ ಬಿಳಿ ಪರದೆ ಕಟ್ಟಿದೆ;
ಅದರ ಮೇಲೇ ಪಿಚಕಾರಿ ಹೊಡೆದು
ನನ್ನನ್ನು ನೋಡಿತು
ಬಾಕಿ ವಸೂಲಿಗೆ ಬಂದವರ ಹಾಗೆ.

ದಸ್ತಗೀರ್ ಟವೆಲಲ್ಲಿ ಹಿಡಿದು ರೆಕ್ಕೆ ಬಿಡಿಸಿದ.
ರೀಲಿಂಗಿನ ಬಿಸಿನೀರೊಳಗೆ
ಗೂಡಿನ ಎಳೆ ಹುಡುಕಿ ಹುಡುಕಿ ಬೆಂದ ಬೆರಳು.
ಮೂರು ತಾಸು ಕೂತು ದಾರ ತೆಗೆದನಂತೆ,
ಉಳಿದ ಗರಿ ಒಂದೂ ಮುರಿಯದೆ.
"ಎಳೀಬಾರ್ದು ಸಾ, ಅದಾಗೇ ಬರ್ಬೇಕು, ರೇಷ್ಮೆ ಥರ."
ಎಣಿಸಿ ಕ್ಲಿಕ್ಕಿಸಿದೆ.
ಮೂರನೆಯದು ಇಲ್ಲ. ನಾಲ್ಕನೆಯದು ಅರ್ಧ.

ಆಮೇಲೆ ಪಂಜರಕ್ಕೆ ಬಿಟ್ಟ.
ನನಗೊಂದು ಕಣ್ಕಟ್ಟು ಗೊತ್ತು:
ಲೆನ್ಸನ್ನು ಜಾಲರಿಗೆ ಒತ್ತಿ
ಅಪರ್ಚರ್ ಪೂರ್ತಿ ತೆರೆದರೆ
ತಂತಿಯೆಲ್ಲ ಕರಗಿಹೋಗುತ್ತದೆ.
ಬರೀ ಹದ್ದು, ಹಿಂದೆ ಮಸುಕು ಬೆಟ್ಟ,
ಇನ್ನೇನು ಹಾರಿತು ಅನ್ನುವಂತೆ.

ತೋರಿಸಿದೆ.
ದಸ್ತಗೀರ್ ತುಂಬಾ ಹೊತ್ತು ನೋಡಿದ. ಚೆನ್ನಾಗೈತೆ ಅಂದ.
ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು,
"ಜಾಲರಿ ಕಾಣೋ ಹಂಗೂ ಒಂದು ತೆಗೀರಿ,
ಫೈಲಿಗೆ ಅದೇ ಇರ್ಲಿ.
ಇನ್ನೂ ಹಾರಿಲ್ಲ ಸಾ ಇದು."

ಎರಡು ಹೆಜ್ಜೆ ಹಿಂದೆ ಸರಿದೆ.
ತಂತಿ ಒಂದೊಂದಾಗಿ ಫೋಕಸಿಗೆ ಬಂತು.
ಅಷ್ಟರಲ್ಲಿ ಹದ್ದು ಕಣ್ಣಿನ ಒಳಪೊರೆ ಎಳೆದುಕೊಂಡಿತು,
ಹಾಲು ಕೆನೆಗಟ್ಟಿದಂತೆ.

ಬಡೀಬೇಡ ಅನ್ನಲಿಲ್ಲ ನಾನು.
ಒತ್ತಿದೆ.