ಅಕ್ಷರಕ್ಕೆ ಎಂಟು

ಬೋರ್ಡು ಬರೆಯುವ ಎಬೋ
ಅಕ್ಷರಕ್ಕೆ ಎಂಟು ಸೇಡಿ ಅಂದ.
ಅಳಿಸೋದಕ್ಕೆ? ಅದು ಬೇರೆ, ಅಕ್ಕಾ.

ತಾಕೊರಾಡಿಯ ಸಂತೆಯ ಹಿಂದೆ
ಉಪ್ಪುಗಾಳಿ ತಿಂದ ಈ ತಗಡಿನ ಗೂಡು
ಏಳು ವರ್ಷ 'ಸಿಸ್ಟರ್ ಮಾನ್ಸಾ ಬ್ಯೂಟಿ'.
ಮಾನ್ಸಾ ತಾರ್ಕ್ವಾಗೆ ಹೋದಳು, ದೊಡ್ಡ ಅಂಗಡಿ, ಗಾಜಿನ ಬಾಗಿಲು.
ಡ್ರೈಯರು ಬಿಟ್ಟಳು, ಒಡಕು ಕನ್ನಡಿ ಬಿಟ್ಟಳು, ಸಾಲದ ಪುಸ್ತಕವನ್ನೂ;
ಹೆಸರೊಂದನ್ನು ಮಾತ್ರ ಹೇಳಿಕಳಿಸಿ ಕೇಳಿದಳು.

ನನ್ನದು ಅರಬಾ.
ಮಂಗಳವಾರ ಹುಟ್ಟಿದ್ದಕ್ಕೆ ಪುಕ್ಕಟೆ ಬಂದ ಹೆಸರು,
ಇಂಗ್ಲಿಷಿನಲ್ಲಿ ಐದಕ್ಷರ, ನಲವತ್ತು.
ಡಬ್ಬ ಬೋರಲು ಹಾಕಿದೆ: ಇಪ್ಪತ್ತಾರು,
ಒಂದು ಹೇರ್‌ಪಿನ್ನು.

ಎಬೋ ಏಣಿಯ ಮೇಲಿಂದ ಯೋಚಿಸಿದ:
ಅವಳ ಕೊನೆಯಕ್ಷರ, ನಿನ್ನ ಕೊನೆಯಕ್ಷರ, ಎರಡೂ 'ಎ'.
ಅದೊಂದು ಇರಲಿ ಬಿಡು.
ಮಿಕ್ಕ ನಾಲ್ಕಕ್ಕೆ ನೀಲಿ ಬಳಿದ,
ಅಷ್ಟಕ್ಕೇ ಕಾಸು ಮುಗಿಯಿತು.
ಆ ನೀಲಿಯೂ ಯಾರದೋ ದೋಣಿಗೆ ಹಚ್ಚಿ ಉಳಿದದ್ದು.

ಹೀಗೆ ನಾನೀಗ 'ಸಿಸ್ಟರ್ ಎ'.
ಮೀನಿನ ಹೆಂಗಸರು ಫೋನಿನಲ್ಲಿ ಹಾಗೇ ಕೂಗುತ್ತಾರೆ.
ಇದೇನೋ ಹೊಸ ಸ್ಟೈಲು ಅಂದುಕೊಂಡು
ಪೊಲೀಸನ ಹೆಂಡತಿಯೂ ಒಮ್ಮೆ
ಉಗುರಿಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದಳು.

ನಾಲ್ಕರ ಬಿಸಿಲು ಓರೆ ಬಿದ್ದಾಗ
ದೋಣಿನೀಲಿಯ ಅಡಿಯಿಂದ
ಮಾನ್ಸಾ ಇಷ್ಟಿಷ್ಟೇ ಏಳುತ್ತಾಳೆ.
ನಾನು ಯಾರಿಗೂ ತೋರಿಸುವುದಿಲ್ಲ.
ಈ ಬೆರಳಿಗೆ ಜಡೆ ಕಲಿಸಿದ್ದು ಅವಳೇ:
ಎಳೆ ಬಿಗಿಯಾಗಿರಲಿ, ತಲೆ ನೋಯಬಾರದು.

ಇವತ್ತು ಮೂರು ತಲೆ ಹೆಣೆದೆ.
ಖರ್ಚು ಕಳೆದು ಎಂಟು ಉಳಿಯಿತು,
ಒಂದು 'ಬಿ'ಗೆ ಸರಿಯಾಗಿ.
ಈರುಳ್ಳಿ ತಂದೆ.