ಬರ್ವಾಖೊಳ ಗಂಟೆ

ನಮ್ಮ ಮೂವತ್ತೊಂದು ಒಂಟೆಗಳಲ್ಲಿ ಒಂದು
ಡಾಂಬರಿನ ಮೇಲೆ ಮಲಗಿತ್ತು ಬೆಳಗಿನ ಜಾವ.
ಬರ್ವಾಖೊ ಅವಳ ಹೆಸರು. ಅಂದರೆ ಹಸಿರು, ಅಂದರೆ ಸಮೃದ್ಧಿ,
ಅಂದರೆ ಮಳೆ ಬಂದುಹೋದ ಮೇಲಿನ ಮೂರೇ ವಾರ.
ರಸ್ತೆ ರಾತ್ರಿಯೂ ಬೆಚ್ಚಗಿರುತ್ತದೆ;
ಆ ಬಿಸುಪಿಗೆ ಹೊಟ್ಟೆಯೊಡ್ಡಿ ಮಲಗುವುದನ್ನು
ಅವಳು ಯಾವಾಗ ಕಲಿತಳೋ, ನಮಗೆ ತಿಳಿಯಲಿಲ್ಲ.

ಹೌದ್ ಎಂದು ಹೆಸರು ನಮ್ಮ ಬಯಲಿಗೆ,
ಯಾರಿಗೂ ಸುಲಭಕ್ಕೆ ಹೌದೆನ್ನದ ಬಯಲು.

ಲಾರಿಯವನು ಓಡಿಹೋಗಿರಲಿಲ್ಲ.
ಹುಡುಗ. ಮೀಸೆ ಇನ್ನೂ ಇದ್ದಿಲಲ್ಲಿ ಎಳೆದ ಗೆರೆ.
ಒಡೆದ ದೀಪದ ಚೂರುಗಳನ್ನು ಒಂದೊಂದೇ ಆರಿಸಿ
ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ,
ಉಳಿದ ಒಂಟೆಗಳ ಪಾದಕ್ಕೆ ಚುಚ್ಚೀತೆಂದು.
ಅದನ್ನು ಕಂಡವಳು ನಾನೊಬ್ಬಳೇ,
ಹನ್ನೊಂದು ವರ್ಷದವಳು, ಯಾರೂ ಸಾಕ್ಷಿ ಕೇಳದವಳು.

ಹಿರಿಯರು ಜಾಲಿಮರದಡಿ ಸೇರಿದರು.
ಆ ಮರಕ್ಕೆ ಹಿಂದೆ ನಾಲ್ವರು ತಂಗಿಯರಿದ್ದರು,
ಇದ್ದಿಲಾಗಿ ಮೂಟೆ ಸೇರಿ ಹಡಗು ಹತ್ತಿದರು.
ಉಳಿದದ್ದು ಒಂದೇ ನೆರಳು;
ನ್ಯಾಯವೂ ಬಿಸಿಲಿಗೆ ಹೆದರಿ ಆಗಾಗ ಜರುಗಿ ಕೂರಬೇಕು.

"ಯಾರ ಮಗ ನೀನು?"
"ಶಿರ್ವಾ. ಗೂಲೇದನ ಮಗ."
"ಗೂಲೇದ್?"
"ಫಾರಹನ ಮಗ."
"ಫಾರಹ್?"
ಕತ್ತಲ ಬಾವಿಯಲ್ಲಿ ಮುಂದಿನ ಮೆಟ್ಟಿಲು ಕಾಲಿಗೆ ಸಿಗದೆ
ನಿಂತುಬಿಟ್ಟ ಹುಡುಗ.
ನನ್ನ ಆರು ವರ್ಷದ ತಮ್ಮ ಅಲ್ಲೇ ಇದ್ದ;
ಇಪ್ಪತ್ತೆರಡು ಅಜ್ಜಂದಿರನ್ನು ಒಂದೇ ಉಸಿರಿಗೆ ಒಪ್ಪಿಸಿದ,
ಅವನನ್ನು ಯಾರೂ ಕೇಳಿರಲಿಲ್ಲ.

ಶಿರ್ವಾ ಫೋನು ತೆಗೆದ.
ಮಿನಿಯಾಪೊಲಿಸ್‌ನಲ್ಲಿ ಅದು ಸರಿರಾತ್ರಿ.
ಚಾಪೆಯ ನಡುವೆ ಇಟ್ಟ ಆ ಪುಟ್ಟ ಕರಿ ಹಲಗೆಯಿಂದ
ಹಿಮದೂರಿನ ಸೋದರತ್ತೆ ಮೊದಲು ಸಿಡುಕಿದಳು,
ಆಮೇಲೆ ನಿದ್ದೆಗಣ್ಣಲ್ಲೇ, ಬಿಟ್ಟ ಎಳೆ ಹಿಡಿದು
ನಾಲ್ಕನೆಯವನಿಂದ ಹೆಣೆಯತೊಡಗಿದಳು.
ಹದಿನಾಲ್ಕನೆಯ ಹೆಸರಿಗೆ
ನಮ್ಮ ಕಡೆಯ ಮುದುಕ ಹಿರ್ಸಿ ಕೆಮ್ಮಿದ. ಎಂದರೆ,
ಅಲ್ಲಿಂದಾಚೆ ಸತ್ತವರೆಲ್ಲ ನಮಗೂ ಅಜ್ಜಂದಿರೇ.

ದನಿಗಳು ತುಸು ಇಳಿದವು. ದಂಡ ಇಳಿಯಲಿಲ್ಲ.
ಲಾರಿ ಮಾಲೀಕನ ಕಡೆಯವರು ಹಂಚಿಕೊಂಡು ಹೊತ್ತರು,
ಸಂಜೆಯೊಳಗೆ ಅಪ್ಪನ ಫೋನು ಟಿಣ್ ಎಂದಿತು.
ಅಜ್ಜಿ ಢೂಹೊ ಅದನ್ನು ಈಸಿಕೊಂಡು
ಹಿಂದೆ ಮುಂದೆ ತಿರುವಿ ನೋಡಿ ಕೇಳಿದಳು:
"ಈ ಟಿಣ್ಣಿಗೆ ಕೆಚ್ಚಲು ಎಲ್ಲಿದೆಯಪ್ಪಾ?
ಕರು ಕೇಳುತ್ತಿದೆ."

ಇಪ್ಪತ್ತು ದಿನದ ಕರು.
ಪಕ್ಕದ ಹಟ್ಟಿಯಲ್ಲಿ ಕರು ಸತ್ತ ಒಂಟೆಯೊಂದಿತ್ತು,
ಟಿಣ್ ಎಂದ ದುಡ್ಡಿಗೆ ಅದೇ ಬಂತು.
ಸತ್ತ ಕರುವಿನ ಚರ್ಮವನ್ನು ಬದುಕಿದ್ದಕ್ಕೆ ಹೊದಿಸಿ
ಮೂರು ರಾತ್ರಿ ಅದನ್ನು ಹಿಡಿದು ನಿಂತವನು ಶಿರ್ವಾ,
ಲಾರಿಯ ಭಾಗ ಬುರಾವಿನಿಂದ ಬರುವ ತನಕ.
ಒದೆ ತಿಂದ. ಹಾಡಲು ಬಾರದೆ ಲಾರಿಯ ಹಾರನ್ನಿನಂತೆ ಗುನುಗಿದ.
ಮೂರನೆಯ ರಾತ್ರಿ ಒಂಟೆ ಮೂಸಿತು, ಮೂಸಿತು,
ಸುಳ್ಳೆಂದು ಗೊತ್ತಿದ್ದೂ ಇರಬಹುದು,
ಹಾಲು ಇಳಿಸಿತು.

ತಪ್ಪು ಮಾಡಿದವನೇ ಆದರೂ ಅತಿಥಿ ಅತಿಥಿಯೇ:
ಹೊಗೆ ಹಾಕಿದ ಬುರುಡೆಯ ಮೊದಲ ಹಾಲು ಅವನಿಗೆ.
ಹೊಗೆವಾಸನೆಗೆ ಕೆಮ್ಮಿ, ಕಣ್ಣೊರೆಸಿಕೊಂಡು,
ಬರಿದು ಮಾಡಿ ಕೊಟ್ಟ.

ಆ ರಾತ್ರಿ ಗಾಜಿನ ಚೂರಿನ ಸಂಗತಿ ಅಜ್ಜಿಗೆ ಹೇಳಿದೆ.
ಅವಳು ಒಂದು ಮಾತೂ ಆಡಲಿಲ್ಲ.
ಬೆಳಗಾಗೆದ್ದು ನೋಡಿದರೆ
ಗೂಟದಲ್ಲಿ ಬರ್ವಾಖೊಳ ಮರದ ಗಂಟೆ ಇರಲಿಲ್ಲ.

ನಾನೀಗ ಹರ್ಗೇಸಾದಲ್ಲಿದ್ದೇನೆ,
ಹಣ ಕಳಿಸುವ ಅಂಗಡಿಯ ಗಾಜಿನ ಹಿಂದೆ.
ಆ ಟಿಣ್ ದಿನಕ್ಕೆ ನೂರು ಸಲ.
ಕೆಲವು ಸಂಜೆ ಬೀದಿಯಲ್ಲಿ ಲಾರಿಯೊಂದು ಹಾಯುತ್ತದೆ,
ಟೊಕ್ಕು ಟೊಕ್ಕೆಂದು, ಕಟ್ಟಿಗೆಯ ಸದ್ದು;
ಸಡಿಲಾದ ಹಲಗೆಯೂ ಇದ್ದೀತು.
ಕೈ ಒಂದು ಗಳಿಗೆ ನಿಲ್ಲುತ್ತದೆ.
ಸಾಲಿನ ಮೊದಲಿಗ ಗಾಜು ತಟ್ಟಿ ಹೆಸರು ಹೇಳುತ್ತಾನೆ,
ಅಪ್ಪನದು, ಅಜ್ಜನದು,
ಅಲ್ಲಿಗೆ ಸಾಕೆಂದು ಸುಮ್ಮನಾಗುತ್ತಾನೆ.
ಫಾರಮ್ಮಿನಲ್ಲೂ
ಮೂರೇ ಹೆಸರಿಗೆ ಜಾಗ.